ಅಪ್ಪನ ದನಿ ಹೋದ ಸುಗ್ಗಿ

ಬ್ಯಾಡಗಿಯಲ್ಲಿ ನಾವಿದ್ದದ್ದು ಬಾಡಿಗೆ ಮನೆ. ಬೀದಿಗೆ ಹತ್ತಿದ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಮಗ್ಗುಲಿಗೆ ಒಂದು ಕತ್ತಲೆಯ ಕೋಣೆ, ಹಿತ್ತಲಲ್ಲಿ ಬಚ್ಚಲು. ಪಡಸಾಲೆಯ ನೆಲದ ಬಣ್ಣ ಯಾವುದೆಂದು ಆಗ ಯಾರಾದರೂ ಕೇಳಿದ್ದರೆ ಕೆಂಪು ಎಂದೇ ಹೇಳುತ್ತಿದ್ದೆ. ನಿಜವಾಗಿ ಅಲ್ಲಿದ್ದದ್ದು ಬೂದು ಫರಸಿಕಲ್ಲು. ಸುಗ್ಗಿ ಶುರುವಾಗಿ ದಲಾಲಿ ಅಂಗಡಿಯಿಂದ ಮೆಣಸಿನಕಾಯಿ ಚೀಲಗಳು ಬಂದು ಬಿದ್ದವೆಂದರೆ ಕಲ್ಲು ಕಾಣುತ್ತಲೇ ಇರಲಿಲ್ಲ. ಅವ್ವ, ಓಣಿಯ ನಾಲ್ಕಾರು ಹೆಂಗಸರು ಬಾಯಿಗೆ ಸೀರೆಯ ಸೆರಗು ಸುತ್ತಿಕೊಂಡು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಹೊಸಬರು ಯಾರಾದರೂ ಹೊಸ್ತಿಲು ದಾಟಿದರೆ ಮೊದಲು ಸೀನುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ನಮಗೆ ಆ ಘಾಟು ಗೊತ್ತೇ ಆಗುತ್ತಿರಲಿಲ್ಲ. ಅವ್ವನ ಕೈ ಮಾತ್ರ ಸದಾ ಉರಿಯುತ್ತಿತ್ತು. ಎಣ್ಣೆ ಹಚ್ಚಿದರೂ, ಮಜ್ಜಿಗೆಯಲ್ಲಿ ಅದ್ದಿದರೂ ಆ ಉರಿ ಪೂರ್ತಿ ಇಳಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಅವಳು ನನ್ನ ಮುಖ ಮುಟ್ಟುತ್ತಿರಲಿಲ್ಲ. ನನ್ನ ಮುಖ ತೊಳೆಯುವುದು, ತಲೆ ಬಾಚುವುದು, ಅತ್ತರೆ ಕಣ್ಣೊರೆಸುವುದು ಎಲ್ಲ ಆಯಿಯ ಕೆಲಸ. ಆಯಿ ಅಂದರೆ ಅಪ್ಪನ ತಾಯಿ. ಅವ್ವ ಅಷ್ಟು ದೂರದಲ್ಲಿ ಎರಡೂ ಕೈ ಗಾಳಿಗೆ ಹಿಡಿದುಕೊಂಡು ಕೂತು ನೋಡುತ್ತಿದ್ದಳು.

ಅಪ್ಪ ನಾಟಕ ಕಂಪನಿಯ ಹಾಡುಗಾರ. ವರ್ಷದ ಬಹುಪಾಲು ಊರೂರು ಮೊಕ್ಕಾಮು ಮಾಡುತ್ತಿದ್ದ ಅವನು ಮನೆಗೆ ಬರುತ್ತಿದ್ದದ್ದು ಮಳೆ ಹಿಡಿದು ಕಂಪನಿಯ ತಂಬು ಬಿಚ್ಚಿದ ಮೇಲೆ. ಅವನು ಬರುವ ಸುದ್ದಿ ಬಂದ ಕೂಡಲೆ ಆಯಿ ಮನೆಯ ಅಧಿಕಾರ ಕೈಗೆ ತೆಗೆದುಕೊಳ್ಳುತ್ತಿದ್ದಳು. ಪಡಸಾಲೆಯನ್ನು ಸೆಗಣಿ ನೀರಿನಿಂದ ಒಮ್ಮೆ, ಬರೀ ನೀರಿನಿಂದ ಒಮ್ಮೆ ತೊಳೆಸುತ್ತಿದ್ದಳು. ಗೋಡೆಯ ಮೂಲೆಯಲ್ಲಿ ಸಿಕ್ಕ ಒಂದು ಬೀಜವನ್ನೂ ಬಿಡದೆ ಹೆಕ್ಕಿ ಓಣಿಯಾಚೆ ಚೆಲ್ಲಿ ಬರಲು ನನ್ನನ್ನು ಕಳಿಸುತ್ತಿದ್ದಳು. ಅಡುಗೆಮನೆಯಲ್ಲಿ ಒಲೆಯ ಎಡಕ್ಕೆ ನಮ್ಮ ಪಾತ್ರೆ, ಬಲಕ್ಕೆ ಅಪ್ಪನ ಪಾತ್ರೆ. ನಾವು ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿನ್ನುವಾಗ ಅಪ್ಪನಿಗೆ ಜೋಳದ ನುಚ್ಚು, ಕಾಸಿದ ಹಾಲು, ಮೇಲೆ ತುಪ್ಪ. ಮೊಸರಿಲ್ಲ, ಹುಣಸೆಹಣ್ಣಿಲ್ಲ, ಕರಿದದ್ದಿಲ್ಲ. ದೇಶಕ್ಕೆಲ್ಲ ಮೆಣಸಿನಕಾಯಿ ಕಳಿಸುವ ಊರಿನಲ್ಲಿ ಖಾರವನ್ನು ನಾಲಿಗೆಗೆ ಮುಟ್ಟಿಸದ ಗಂಡಸು ಅವನೊಬ್ಬನೇ ಇದ್ದನೇನೋ. ಬಾಯಲ್ಲಿ ಯಾವಾಗಲೂ ಜೇಷ್ಠಮಧುವಿನ ಚೂರು, ಕೊರಳಿಗೆ ಮಫ್ಲರು.

ಮನೆಯಲ್ಲಿ ಅವನು ಮಾತು ಆಡುತ್ತಿದ್ದದ್ದೂ ಕಡಿಮೆ. ನೀರು ಬೇಕಿದ್ದರೆ ತಂಬಿಗೆ ತೋರಿಸುತ್ತಿದ್ದ. ನನ್ನನ್ನು ಕರೆಯಬೇಕಾದರೆ ಬೆರಳಿನಿಂದ ಕಂಬಕ್ಕೆ ಬಡಿಯುತ್ತಿದ್ದ. ದನಿಯನ್ನು ಕೂಡಿಡಬೇಕು, ಮುಂದಿನ ಮೊಕ್ಕಾಮಿಗೆ ಬೇಕು ಎಂದು ಆಯಿ ನನಗೆ ತಿಳಿಹೇಳಿದ್ದಳು. ದನಿ ಎಂದರೆ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ಜೋಳದ ಹಾಗೆ, ತೆಗೆದಷ್ಟೂ ಕಡಿಮೆಯಾಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಾಗಿ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ಬೇರೆ ಮಕ್ಕಳು ತಂದೆಯ ಬೈಗುಳಕ್ಕೆ ಹೆದರುತ್ತಿದ್ದರು. ನನಗೆ ಅಪ್ಪ ಒಂದು ಸಲವಾದರೂ ಗಟ್ಟಿಯಾಗಿ ಬೈಯಲಿ ಎಂಬ ಆಸೆಯಿತ್ತು.

ಅವನು ಹಾಡುಗಾರನಾದದ್ದು ಹೇಗೆಂಬುದನ್ನೂ ಆಯಿಯೇ ಹೇಳಿದ್ದು. ನಮ್ಮ ಮೂಲ ತುಂಗಭದ್ರೆಯ ದಂಡೆಯ ಮೇಡ್ಲೇರಿ. ಅಪ್ಪ ಹರೆಯದಲ್ಲಿ ಹೊಲದ ಅಟ್ಟಣಿಗೆ ಹತ್ತಿ ಹಕ್ಕಿ ಹೊಡೆಯುವಾಗ ಕೂಗುವ ಬದಲು ಹಾಡುತ್ತಿದ್ದನಂತೆ. ಹೊಳೆಯಾಚೆ ಬಟ್ಟೆ ಒಗೆಯುವವರು ಕೈ ನಿಲ್ಲಿಸುತ್ತಿದ್ದರಂತೆ. ರಾಣೆಬೆನ್ನೂರಿನಲ್ಲಿ ಮೊಕ್ಕಾಮು ಮಾಡಿದ್ದ ಕಂಪನಿಯ ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುವವರು, ಯಾರದೋ ಲಗ್ನಕ್ಕೆಂದು ನಮ್ಮೂರಿಗೆ ಬಂದವರು ಆ ದನಿ ಕೇಳಿ ಹೊಲದ ಬದುವಿನ ಮೇಲೆ ನಡೆದುಕೊಂಡು ಬಂದರು. ಅಪ್ಪನನ್ನು ಕೆಳಗಿಳಿಸಿ, ಮತ್ತೊಮ್ಮೆ ಹಾಡಿಸಿ, ಕರೆದುಕೊಂಡು ಹೋದರು. ಮೊದಮೊದಲು ಅಪ್ಪ ರಂಗದ ಕಸ ಹೊಡೆದ, ಪರದೆ ಎಳೆದ, ನಾಂದಿಯಲ್ಲಿ ಹಿಂದಿನ ಸಾಲಿಗೆ ನಿಂತು ದನಿಗೂಡಿಸಿದ. ಬೆಳಗಿನ ಜಾವ ಎಲ್ಲರೂ ಮಲಗಿರುವಾಗ ಮಾಸ್ತರರು ಅವನನ್ನು ಎಬ್ಬಿಸಿ ಖಾಲಿ ತಂಬುವಿನಲ್ಲಿ ಕೂರಿಸಿ ಸ್ವರ ತಿದ್ದುತ್ತಿದ್ದರು. ಒಂದು ನಾಟಕದಲ್ಲಿ ಅಂಬಿಗನ ಪಾತ್ರವೊಂದಿತ್ತು. ಹೊಳೆ ದಾಟಿಸಿ ಹೋಗಿಬಿಡುವ ಅಂಬಿಗ, ಹೋಗುತ್ತ ಒಂದು ಪದ ಹಾಡುತ್ತಾನೆ, ಅಷ್ಟೇ. ಅಪ್ಪ ಆ ಪಾತ್ರಕ್ಕೆ ನಿಂತ ಮೇಲೆ ಮಂದಿ ಅಂಬಿಗ ಮತ್ತೆ ಯಾವಾಗ ಬರುತ್ತಾನೆಂದು ಕಾಯತೊಡಗಿದರು. ಕಂಪನಿಯ ಮಾಲಕರು ಕಥೆಯನ್ನೇ ತಿರುಗಿಸಿ ಬರೆಸಿದರು. ನಾಟಕ ಅಂಬಿಗನದೇ ಆಯಿತು. ಪೇಟಿಯ ಕರಿ ನಾಲ್ಕನೆಯ ಮನೆಯನ್ನು, ಅಂದರೆ ನಾಲ್ಕನೆಯ ಕಪ್ಪು ಕೀಲಿಯನ್ನು, ಆಧಾರವಾಗಿಟ್ಟುಕೊಂಡು ಹಾಡುವ ಗಂಡಸು ಈ ಸೀಮೆಯಲ್ಲಿ ಬೇರೆ ಇಲ್ಲ ಎಂದು ಮಾಸ್ತರರು ಹೇಳುತ್ತಿದ್ದರು. ಅಷ್ಟು ಎತ್ತರದ ಶ್ರುತಿಗೆ ಹೆಂಗಸರ ಕೊರಳು ಬೇಕು. ಅಪ್ಪನದು ಮಾತ್ರ ಅಲ್ಲಿಂದಲೇ ಹೊರಟು ಇನ್ನೂ ಮೇಲಕ್ಕೆ ಹೋಗುತ್ತಿತ್ತು.

ನಾನು ಅದನ್ನು ಕಿವಿಯಾರೆ ಕೇಳಿದ್ದು ಒಂದೇ ಸಲ. ಕಂಪನಿ ರಾಣೆಬೆನ್ನೂರಿಗೆ ಬಂದಾಗ ಆಯಿ ನನ್ನನ್ನು ಭಾನುವಾರದ ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದಳು. ಅವ್ವ ಬರಲಿಲ್ಲ, ಮನೆಯಲ್ಲಿ ಚೀಲಗಳಿದ್ದವು. ತಂಬುವಿನ ಬಟ್ಟೆಯ ತೂತುಗಳಿಂದ ಬಿಸಿಲು ಕೋಲುಕೋಲಾಗಿ ಇಳಿದಿತ್ತು. ಪರದೆ ಸರಿದು ಹಸಿರು ರುಮಾಲಿನ ಒಬ್ಬ ಹುಟ್ಟು ಹಿಡಿದು ಬಂದ. ಅವನು ಅಪ್ಪ ಎಂದು ಆಯಿ ತೋರಿಸುವವರೆಗೆ ನನಗೆ ಗುರುತು ಹತ್ತಲಿಲ್ಲ. ಕಂಬ ಬಡಿದು ನನ್ನನ್ನು ಕರೆಯುವ ಮನುಷ್ಯ ಅಲ್ಲಿ ನಿಂತು ಬಾಯಿ ತೆರೆದ. ದನಿ ಏರುತ್ತ ಹೋಯಿತು. ಇನ್ನು ಸಾಕು, ಇನ್ನು ಮುರಿಯುತ್ತದೆ ಎಂದು ನನಗೆ ಭಯವಾಗುವ ಜಾಗದಲ್ಲಿ ಅದು ಅಲುಗದೆ ನಿಂತುಕೊಂಡಿತು. ಮುಂದಿನ ಸಾಲಿನಲ್ಲಿ ಕೂತಿದ್ದ ದಪ್ಪ ಗಂಡಸೊಬ್ಬ ಬೀಡಿ ಸೇದುವುದನ್ನು ಮರೆತಿದ್ದ. ಆಯಿ ನನ್ನ ಕೈಯನ್ನು ನೋವಾಗುವಷ್ಟು ಒತ್ತಿ ಹಿಡಿದಿದ್ದಳು. ನನಗೆ ಹೆಮ್ಮೆಯಾಗಬೇಕಿತ್ತು, ಅಳು ಬಂತು. ಇಷ್ಟೆಲ್ಲ ಇವನ ಒಳಗಿದೆ, ಅದರಲ್ಲಿ ಮನೆಗೆಂದು ಒಂದು ಹಿಡಿಯೂ ಇಲ್ಲ ಎಂದು ಆಗ ಅನ್ನಿಸಿತೋ, ಈಗ ಅರವತ್ತು ದಾಟಿದ ಮೇಲೆ ಅನ್ನಿಸುತ್ತಿದೆಯೋ, ಬಿಡಿಸಿ ಹೇಳಲಾರೆ.

ಅದರ ಮುಂದಿನ ವರ್ಷ, ಸುಗ್ಗಿ ಜೋರಾಗಿ ನಡೆದಿದ್ದಾಗ, ಒಂದು ಮಧ್ಯಾಹ್ನ ಅಪ್ಪ ಮನೆಗೆ ಬಂದ. ಸುಗ್ಗಿಯ ದಿನಗಳಲ್ಲಿ ಅವನು ಮನೆಗೆ ಬರುತ್ತಲೇ ಇರಲಿಲ್ಲ. ಅವನ ಹಿಂದೆ ಪೇಟಿ ಮಾಸ್ತರರು ಅವನ ಟ್ರಂಕು ಹೊತ್ತುಕೊಂಡು ನಿಂತಿದ್ದರು. ಹೆಂಗಸರೆಲ್ಲ ರಾಶಿ ಬಿಟ್ಟು ಎದ್ದರು. ಅಪ್ಪ ಹೊಸ್ತಿಲಲ್ಲೇ ಕೆಮ್ಮಿದ. ಆ ಕೆಮ್ಮು ಕೇಳಿ ಅವ್ವ ಬಾಯಿಗೆ ಸುತ್ತಿದ ಸೆರಗು ಬಿಚ್ಚುವುದನ್ನೂ ಮರೆತು ಬರಿಗೈಯಲ್ಲಿ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬತೊಡಗಿದಳು. ಮಾಸ್ತರರು ಆಯಿಗೆ ನಿಧಾನವಾಗಿ ವಿಷಯ ಹೇಳಿದರು. ಗದಗಿನ ಮೊಕ್ಕಾಮಿನಲ್ಲಿ ಅಂಬಿಗನ ಪದ ಹಾಡುವಾಗ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮರುದಿನವೂ ಒಡೆಯಿತು. ಆಮೇಲೆ ಬರೀ ಗಾಳಿ ಬಂತು. ವಿಶ್ರಾಂತಿ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಮಾಲಕರು ಕಳಿಸಿದ್ದಾರೆ. ಮಾಸ್ತರರು ಇದನ್ನೆಲ್ಲ ಹೇಳುವಾಗ ಅಪ್ಪ ಕಂಬಕ್ಕೆ ಒರಗಿ ಬೇರೆ ಯಾರದೋ ಸುದ್ದಿ ಕೇಳುವವನಂತೆ ಕೂತಿದ್ದ.

ಚೀಲಗಳು ಅಂದೇ ಅಂಗಡಿಗೆ ವಾಪಸು ಹೋದವು. ಅವ್ವ ಮರುದಿನದಿಂದ ಅಂಗಡಿಯ ಅಂಗಳಕ್ಕೇ ಹೋಗಿ ತೊಟ್ಟು ಬಿಡಿಸತೊಡಗಿದಳು. ಸಂಜೆ ಬಂದವಳು ನೇರ ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಸೀರೆ ಬದಲಿಸಿ, ಆಮೇಲೇ ಒಳಗೆ ಬರುತ್ತಿದ್ದಳು. ಆದರೂ ಊರಿನ ಗಾಳಿಯನ್ನು ತೊಳೆಯುವುದು ಯಾರಿಂದಾಗುತ್ತದೆ? ಆಯಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದಳು. ಶುಂಠಿ, ಅರಿಶಿನದ ಹಾಲು, ಹಿಪ್ಪಲಿ, ಯಾರು ಏನು ಹೇಳಿದರೆ ಅದು ನಡೆಯಿತು. ಶನಿವಾರ ಶನಿವಾರ ಅವಳು ಕದರಮಂಡಲಗಿಗೆ ಉಪವಾಸದಲ್ಲಿ ನಡೆದು ಹೋಗಿ ಆಂಜನೇಯನಿಗೆ ಎಣ್ಣೆ ಹಾಕಿ ಬರುತ್ತಿದ್ದಳು. ಒಂದು ಸಲ ನಾನೂ ಹೋಗಿದ್ದೆ. ಗರ್ಭಗುಡಿಯ ಮುಂದೆ ನಿಂತು ಅವಳು ಬೇಡಿಕೊಂಡದ್ದು ಬೇಡಿಕೆಯಂತೆ ಇರಲಿಲ್ಲ, ವಾದದಂತೆ ಇತ್ತು. ಕೊಟ್ಟವನು ನೀನೇ ಅಲ್ಲವೇ, ಕೊಟ್ಟು ಕಸಿದುಕೊಳ್ಳುವುದು ಯಾವ ರೀತಿ ಎಂದು ಕೇಳುತ್ತಿದ್ದಳು. ಪೂಜಾರರು ಸಿಂಧೂರ ಕೊಟ್ಟರು. ಅದನ್ನು ತಂದು ಅಪ್ಪನ ಗಂಟಲಿಗೆ ಹಚ್ಚಿದಳು. ಅಪ್ಪ ಸುಮ್ಮನೆ ಕತ್ತೆತ್ತಿ ಹಚ್ಚಿಸಿಕೊಂಡ.

ಕೊನೆಗೆ ಮಾಸ್ತರರೇ ಬಂದು ಅಪ್ಪನನ್ನು ಹುಬ್ಬಳ್ಳಿಗೆ ಗಂಟಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರು ಸಣ್ಣ ಕನ್ನಡಿಯೊಂದನ್ನು ಗಂಟಲಿಗೆ ಇಳಿಸಿ ನೋಡಿ, ದನಿ ಹುಟ್ಟುವ ಪಟ್ಟಿಯ ಮೇಲೆ ಗಂಟುಗಳಾಗಿವೆ ಎಂದರಂತೆ. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವಂತೆ ವರ್ಷಗಟ್ಟಲೆ ಎತ್ತರದಲ್ಲಿ ಹಾಡಿದ್ದು, ಹಬ್ಬದ ದಿನ ಆಟದ ಮೇಲೆ ಆಟ ಆಡಿದ್ದು, ಜ್ವರದಲ್ಲೂ ನಿಲ್ಲಿಸದಿದ್ದದ್ದು ಕಾರಣ. ಮಳೆಗಾಲ ಮುಗಿಯುವವರೆಗೆ ಒಂದು ಮಾತೂ ಆಡಕೂಡದು, ಪಿಸುಗುಟ್ಟಲೂ ಕೂಡದು. ಆಮೇಲೆ ನೋಡೋಣ. ಮಾಸ್ತರರು ಮನೆಗೆ ಬಂದು ಇದಿಷ್ಟನ್ನೂ ಒಪ್ಪಿಸಿದರು. ಆಯಿ ಎಲ್ಲ ಕೇಳಿಸಿಕೊಂಡು, ಮೆಣಸಿನಕಾಯಿ ಘಾಟಿನ ಸುದ್ದಿ ಕೇಳಿದಿರಾ ಎಂದು ಕೇಳಿದಳು. ಮಾಸ್ತರರು ಪ್ರಾಮಾಣಿಕ ಮನುಷ್ಯ. ಮುಚ್ಚಿಡದೆ ಹೇಳಿದರು:

“ಕೇಳಿದೆರಿ. ಅದೂ ಇರಬಹುದು ಅಂದ್ರು. ಆದ್ರ ಹೆಚ್ಚಿಂದು ಅದಲ್ಲ ಅಂದ್ರು.”

ಹೆಚ್ಚಿನದು ಅದಲ್ಲ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಅದೂ ಇರಬಹುದು ಎಂಬುದು ಮನೆಯಲ್ಲಿ ಉಳಿಯಿತು. ಆಯಿ ಅದನ್ನು ಹಿಡಿದುಕೊಂಡಳು. ಅವ್ವ ಅದಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಳು. ಆಯಿ ಮೊದಲು ಪಾತ್ರೆಗಳಿಗೆ ಹೇಳುವಂತೆ ಗೊಣಗುತ್ತಿದ್ದಳು. ಆಮೇಲೆ ನೆರೆಯವರಿಗೆ ಹೇಳತೊಡಗಿದಳು. ಅವ್ವ ಎದುರಾಡಲಿಲ್ಲ. ಅಪ್ಪ ಕಳಿಸುತ್ತಿದ್ದ ದುಡ್ಡು ಯಾವ ತಿಂಗಳು ಬರುತ್ತದೋ ಯಾವ ತಿಂಗಳು ಇಲ್ಲವೋ ಗೊತ್ತಿಲ್ಲದ ಮನೆಯನ್ನು ನಡೆಸಿದ್ದು ಆ ಮೆಣಸಿನಕಾಯಿಯೇ ಎಂದು ಅವಳು ಹೇಳಬಹುದಿತ್ತು. ಆಯಿಗೂ ಅದು ಗೊತ್ತಿತ್ತು. ಆದರೆ ಆಯಿಗೆ ಯಾರನ್ನಾದರೂ ಬೈಯದೆ ಇರಲು ಆಗುತ್ತಿರಲಿಲ್ಲ. ದೇವರನ್ನು ಬೈದು ಮುಗಿದಿತ್ತು, ಡಾಕ್ಟರರು ಹುಬ್ಬಳ್ಳಿಯಲ್ಲಿದ್ದರು, ಸೊಸೆ ಮಗ್ಗುಲಲ್ಲಿದ್ದಳು.

ಆಯಿಯ ಸಿಟ್ಟು ಒಡೆದದ್ದು ಒಂದು ಸಂಜೆ, ಊಟದ ಹೊತ್ತಿಗೆ. ಮಳೆ ಆಗಷ್ಟೇ ಶುರುವಾಗಿತ್ತು. ಅವ್ವ ಅಂಗಡಿಯಿಂದ ಬಂದು ಸ್ನಾನ ಮಾಡಿ ಅಪ್ಪನಿಗೆ ನುಚ್ಚು ಬಡಿಸಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟವನು ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ, ಕಣ್ಣಿನಲ್ಲಿ ನೀರು ಬಂತು. ಆಯಿ ತಾಟನ್ನು ಮುಂದಿನಿಂದ ಎಳೆದು ಮೂಸಿದಳು. ಅದರಲ್ಲಿ ಖಾರವಿತ್ತೋ, ಅವ್ವನ ಕೈಯ ವಾಸನೆಯಿತ್ತೋ, ಏನೂ ಇರಲಿಲ್ಲವೋ, ನನಗೆ ಗೊತ್ತಿಲ್ಲ. ಆಯಿಯ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಗಂಗವ್ವ, ನನ್ನ ಮಗನ ಕೊಳ್ಳಾಗಿನ ದೇವರನ್ನ ನೀ ಸುಟ್ಟಿ. ದಿನಾ ಒಂದೀಟು ಒಂದೀಟು ಸುಟ್ಟಿ. ಇನ್ನೂ ಸಾಕಾಗಿಲ್ಲೇನು ನಿನಗ?”

ಅವ್ವ ಒಲೆಯ ಮುಂದೆ ಕೂತಲ್ಲೇ ಕೈಗಳನ್ನು ಸೀರೆಯೊಳಗೆ ಮುಚ್ಚಿಕೊಂಡಳು. ನಾನು ಅಪ್ಪನ ಮುಖ ನೋಡಿದೆ. ಅವನು ಕೈ ಬೀಸಿ ಬೇಡ ಎಂದ. ಆಯಿ ನೋಡಲಿಲ್ಲ. ಅವನು ಕಂಬ ಬಡಿದ. ಆಯಿ ಕೇಳಲಿಲ್ಲ, ಇನ್ನೂ ಹೇಳುತ್ತಲೇ ಇದ್ದಳು. ಮದುವೆ ಮಾಡಿಕೊಂಡು ಬಂದ ದಿನದಿಂದ ಹಿಡಿದು ಎಲ್ಲವನ್ನೂ ಎಳೆದಳು. ಅಪ್ಪ ಎದ್ದು ನಿಂತು ಮತ್ತೆ ಕೂತ. ಗೋಡೆ ಕಡೆ ತಿರುಗಿದ. ಆಮೇಲೆ ತಿರುಗಿ ಬಾಯಿ ತೆರೆದ.

“ಯವ್ವಾ, ಆಕೀನ ಬಿಡು. ನಾನಽ ಕೆಡಿಸ್ಕೊಂಡೇನಿ.”

ಅಷ್ಟೇ ಮಾತು. ಆದರೆ ಮಾತಿಗಿಂತ ಮೊದಲು ನಮಗೆ ಕೇಳಿಸಿದ್ದು ಆ ದನಿ. ಹಳೆಯ ಬಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಹರಿದಂತೆ, ನಡುನಡುವೆ ಏನೂ ಇಲ್ಲದೆ ಬರೀ ಉಸಿರು. ಇಷ್ಟು ದಿನ ಅವನು ಸುಮ್ಮನಿದ್ದದ್ದರಿಂದ ದನಿ ಒಳಗೆ ಎಲ್ಲೋ ಇದೆ, ಮಲಗಿದೆ, ಏಳುತ್ತದೆ ಎಂದು ನಾವು ನಂಬಿದ್ದೆವು. ಅಂದು ಮೂವರಿಗೂ ಒಟ್ಟಿಗೇ ಗೊತ್ತಾಯಿತು. ಆಯಿ ಅರ್ಧ ಮಾತಿಗೇ ನಿಂತಳು. ಅವಳು ಆಮೇಲೆ ಬದುಕಿರುವವರೆಗೂ ಅವ್ವನಿಗೆ ಆ ವಿಷಯವಾಗಿ ಒಂದಕ್ಷರ ಅನ್ನಲಿಲ್ಲ. ಅವ್ವನಿಗೆ ಸಮಾಧಾನವಾಗಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಅವಳು ಅಪ್ಪನ ಹತ್ತಿರ ಹೋಗಿ ಕೂತು ಕೇಳಿದ್ದು ಇಷ್ಟೇ:

“ಯಾಕ ಮಾತಾಡಿದ್ರಿ? ಡಾಕ್ಟರು ಬ್ಯಾಡ ಅಂದಿದ್ರಲ್ಲಾ. ನನ್ನ ಸಲುವಾಗಿ ಯಾಕ ಮಾತಾಡಿದ್ರಿ?”

ಘಾಟಿನ ಅಪವಾದ ಹೋಗಿ ಅವ್ವನ ತಲೆಯ ಮೇಲೆ ಇನ್ನೊಂದು ಕೂತಿತು. ಇದನ್ನು ಅವಳೇ ಎತ್ತಿ ಇಟ್ಟುಕೊಂಡದ್ದು. ಅವತ್ತು ತನಗಾಗಿ ಆಡಿದ ಆ ಮಾತೇ ಮೌನವನ್ನು ಕೆಡಿಸಿತು, ಇಲ್ಲದಿದ್ದರೆ ದನಿ ತಿರುಗಿ ಬರುತ್ತಿತ್ತು ಎಂದು ಅವಳು ನಂಬಿದಳು. ಎರಡು ಮಾತಿಗೆ ಅಷ್ಟೆಲ್ಲ ಆಗುವುದಿಲ್ಲ ಎಂದು ದೊಡ್ಡವಳಾದ ಮೇಲೆ ನಾನು ಎಷ್ಟೋ ಸಲ ಹೇಳಿದೆ. ಅವಳು ಹೂಂ ಎನ್ನುತ್ತಿದ್ದಳು. ಅವಳ ಹೂಂಗುಟ್ಟುವಿಕೆಯಲ್ಲಿ ಒಪ್ಪಿಗೆ ಇದೆಯೋ ಇಲ್ಲವೋ ಎಂದು ನನಗೆ ಕೊನೆಗೂ ತಿಳಿಯಲಿಲ್ಲ.

ಮಳೆಗಾಲ ಮುಗಿದು ಕಂಪನಿ ಮತ್ತೆ ರಾಣೆಬೆನ್ನೂರಿನಲ್ಲಿ ತಂಬು ಹೊಡೆದಾಗ ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡು ಹೋದ. ಯಾಕೆ ಕರೆದುಕೊಂಡು ಹೋದ ಎಂದು ಆಗ ಯೋಚಿಸಿರಲಿಲ್ಲ. ಒಬ್ಬನೇ ಹೋಗಲು ಧೈರ್ಯವಾಗಲಿಲ್ಲವೇನೋ. ಖಾಲಿ ತಂಬುವಿನಲ್ಲಿ ಮಾಲಕರು ಮುಂದಿನ ಬೆಂಚಿನ ಮೇಲೆ ಕೂತರು. ಮಾಲಕರು ಕೆಟ್ಟವರಲ್ಲ. ನನಗೆ ಚುರುಮುರಿ ತರಿಸಿಕೊಟ್ಟರು. ಮಾಸ್ತರರು ಪೇಟಿಯ ಮುಂದೆ ಕೂತು ಕರಿ ನಾಲ್ಕನ್ನು ಒತ್ತಿದರು. ಅಪ್ಪ ಹಾಡಿದ. ಮೊದಲ ಸಾಲು ಹೇಗೋ ಬಂತು, ಎರಡನೆಯದು ಬರಲಿಲ್ಲ. ಮಾಸ್ತರರು ಬೆರಳನ್ನು ಒಂದು ಮನೆ ಕೆಳಗಿಳಿಸಿದರು. ಅಪ್ಪ ಮತ್ತೆ ಹಾಡಿದ. ಮತ್ತೆ ಇಳಿಸಿದರು. ಬಾವಿಯಲ್ಲಿ ಬಿದ್ದವನಿಗಾಗಿ ಹಗ್ಗ ಇಳಿಸುತ್ತ ಹೋದಂತೆ ಆ ಮುದುಕರು ಪೇಟಿಯ ಮೇಲೆ ಎಡಕ್ಕೆ ಎಡಕ್ಕೆ ಸರಿಯುತ್ತ ಹೋದರು. ಸಾಮಾನ್ಯ ಗಂಡಸರು ಮಾತಾಡುವ ಎತ್ತರಕ್ಕೆ ಬಂದಾಗಲೂ ಅಪ್ಪನ ದನಿ ಒಡೆಯುತ್ತಲೇ ಇತ್ತು. ಮಾಸ್ತರರು ಪೇಟಿಗೆ ಗಾಳಿ ತುಂಬುವ ಭಾತೆಯನ್ನು ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡರು.

“ಬಸಣ್ಣ, ಇನ್ನ ಕೆಳಗ ಮನಿ ಇಲ್ಲಪಾ.”

ಅಂಬಿಗನ ಪಾತ್ರಕ್ಕೆ ಅಷ್ಟರಲ್ಲಿ ಹಲಗೇರಿ ಕಡೆಯ ಒಬ್ಬರು ಬಂದಿದ್ದರು. ಅವರು ಪರದೆಯ ಹಿಂದಿನಿಂದ ಬಂದು ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿದರು. ಅಪ್ಪ ಅವರ ಬೆನ್ನು ತಟ್ಟಿ, ಅವರ ಮಫ್ಲರನ್ನು ಕೊರಳಿಗೆ ಇನ್ನೊಂದು ಸುತ್ತು ಸುತ್ತಿದ. ಮಾಲಕರು, ಅದೇ ನಾಟಕದಲ್ಲಿ ಊರಕಾವಲುಗಾರನ ಪಾತ್ರವಿದೆ, ನಗಿಸುವ ಪಾತ್ರ, ಅದಕ್ಕೆ ಹಾಡಿಲ್ಲ, ಗೊಗ್ಗರು ದನಿ ಅದಕ್ಕೆ ಒಪ್ಪುತ್ತದೆ ಎಂದರು. ಅದು ಅವರ ಕರುಣೆ. ಬೇಡ ಎನ್ನಲು ಅಪ್ಪನಿಗೆ ಕಾರಣವಿರಲಿಲ್ಲ. ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ, ಗೊತ್ತಿದ್ದ ಮಂದಿ ಅವರೇ.

ಹಾವೇರಿಯ ಮೊಕ್ಕಾಮಿನಲ್ಲಿ ಭಾನುವಾರದ ಮಧ್ಯಾಹ್ನದ ಆಟಕ್ಕೆ ಅವ್ವ ಬಂದಳು. ತಾನೇ ಬರುತ್ತೇನೆ ಎಂದಳು. ಇಳಕಲ್ಲ ಸೀರೆ ಉಟ್ಟು, ಕೈಗೆ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೊಳೆದು ಬಂದಿದ್ದಳು. ಅಪ್ಪನನ್ನು ಅವಳು ರಂಗದ ಮೇಲೆ ನೋಡಿದ್ದು ಅದೇ ಮೊದಲು. ಅವನ ಒಳ್ಳೆಯ ಕಾಲವೆಲ್ಲ ಅವಳಿಗೆ ಸುಗ್ಗಿಯಲ್ಲಿ ಕಳೆದಿತ್ತು. ಕಾವಲುಗಾರ ಬಂದ. ಹರಿದ ಕೋಟು, ಒಂದು ಕಡೆ ಬೋಳಿಸಿದ ಮೀಸೆ, ಕೈಯಲ್ಲಿ ಲಾಟೀನು. ಯಾರಲ್ಲಿ ಎಂದು ಕೂಗಬೇಕು, ದನಿ ಏರಿ ಒಡೆಯಬೇಕು. ಒಡೆಯಿತು. ತಂಬು ತುಂಬ ನಗು. ಅವನು ಮತ್ತೆ ಕೂಗಿದ, ಇನ್ನೂ ಕೆಟ್ಟದಾಗಿ ಒಡೆಯಿತು, ಮಂದಿ ಬೆಂಚು ಬಡಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನಿಂದ ಯಾರೋ ಮತ್ತೊಮ್ಮೆ ಎಂದು ಕೂಗಿದರು, ಆಮೇಲೆ ಎಲ್ಲರೂ ಕೂಗಿದರು. ಅಪ್ಪ ಮಂದಿಯ ಮಾತು ಮೀರಲಿಲ್ಲ. ಮತ್ತೊಮ್ಮೆ ಕೂಗಿದ. ಅವರಾರಿಗೂ ಅವನು ಯಾರೆಂದು ಗೊತ್ತಿರಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅದು ನಟನೆ ಅಲ್ಲ ಎಂದು ಎದ್ದು ನಿಂತು ಹೇಳಬೇಕೆಂದು ನನಗೆ ಅನ್ನಿಸಿತು. ಹೇಳಿದರೆ ಆಗುವುದೇನು? ನಾನು ಅವ್ವನ ಕಡೆ ನೋಡಿದೆ. ಅವಳು ನೆಟ್ಟಗೆ ಕೂತು, ರೆಪ್ಪೆ ಬಡಿಯದೆ, ಅಪ್ಪನನ್ನೇ ನೋಡುತ್ತಿದ್ದಳು. ತೊಳೆದ ಕೈಗಳನ್ನು ತೊಡೆಯ ಮೇಲೆ ಮಡಚಿ ಇಟ್ಟುಕೊಂಡಿದ್ದಳು. ನನಗೆ ಅದಕ್ಕಿಂತ ಕಠಿಣವಾದದ್ದು ಇಂದಿಗೂ ನೆನಪಾಗುವುದಿಲ್ಲ.

ಆಟ ಮುಗಿದ ಮೇಲೆ ಅಪ್ಪ ಬಣ್ಣ ಒರೆಸಿಕೊಂಡು ನಮ್ಮನ್ನು ಬಸ್ಸಿಗೆ ಹತ್ತಿಸಲು ಬಂದ. ಒಂದು ಕಿವಿಯ ಹಿಂದೆ ಬಣ್ಣ ಉಳಿದಿತ್ತು. ಕಂಡಕ್ಟರ್ ಸೀಟಿ ಹೊಡೆದಾಗ ಅವ್ವ ಕಿಟಕಿಯಿಂದ ಬಗ್ಗಿ ಹೇಳಿದಳು:

“ಮನೀಗೆ ಬಂದುಬಿಡ್ರಿ. ಹೆಂಗರ ಆಗ್ತೈತಿ.”

ಮುಂದಿನ ಮೊಕ್ಕಾಮಿಗೆ ಕಂಪನಿ ಲಾರಿ ಹತ್ತಿದಾಗ ಅಪ್ಪ ಹತ್ತಲಿಲ್ಲ. ಟ್ರಂಕು ಹೊತ್ತುಕೊಂಡು ಬ್ಯಾಡಗಿಗೆ ಬಂದ. ಪೇಟಿ ಮಾಸ್ತರರು ತಮ್ಮ ಹಳೆಯ ಪೇಟಿಯೊಂದನ್ನು ಅವನಿಗೆ ಕೊಟ್ಟು ಕಳಿಸಿದ್ದರು. ಕೆಲದಿನಗಳಲ್ಲಿ ಅವನು ಒಂದು ದಲಾಲಿ ಅಂಗಡಿಯಲ್ಲಿ ಚೀಲ ತೂಗುವ ಕಡೆ ನಿಲ್ಲತೊಡಗಿದ. ಅವನ ಹಳೆಯ ಹೆಸರು ಗೊತ್ತಿದ್ದವರು ಒಬ್ಬಿಬ್ಬರು ಬಂದು ಮಾತಾಡಿಸುತ್ತಿದ್ದರು, ಅವನ ಉತ್ತರದ ದನಿ ಕೇಳಿದ ಮೇಲೆ ಮುಂದೆ ಏನು ಮಾತಾಡುವುದೆಂದು ತಿಳಿಯದೆ ಹೋಗಿಬಿಡುತ್ತಿದ್ದರು. ಈಗ ಅವನು ಮನೆಯಲ್ಲಿ ಮಾತಾಡುತ್ತಿದ್ದ. ಕೂಡಿಡಲು ಏನೂ ಉಳಿದಿರಲಿಲ್ಲವಲ್ಲ. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ. ಶೈಲಾ ಎಂಬುದರ ಕೊನೆಯ ಅಕ್ಷರ ಗಾಳಿಯಲ್ಲಿ ಹೋಗುತ್ತಿತ್ತು.

ನನ್ನ ದನಿಯೂ ಎತ್ತರದ್ದು ಎಂದು ಅಪ್ಪನಿಗೆ ಗೊತ್ತಾದದ್ದು ನಾನು ಶಾಲೆಯ ಪ್ರಾರ್ಥನೆಯನ್ನು ಗುನುಗುತ್ತಿದ್ದಾಗ. ಮರುದಿನ ಬೆಳಿಗ್ಗೆ ಕತ್ತಲೆಯ ಕೋಣೆಯಲ್ಲಿ ಪೇಟಿ ಇಟ್ಟುಕೊಂಡು ಕಾಯುತ್ತಿದ್ದ. ಅಂದಿನಿಂದ ದಿನವೂ ಪಾಠ. ಸ್ವರ ತೋರಿಸಲು ಪೇಟಿ ಇತ್ತು. ಆದರೆ ಅಪ್ಪನಿಗೆ ಬೇಕಾದದ್ದು ಪೇಟಿಯಲ್ಲಿ ಇರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ದಾರಿಯಲ್ಲಿ ಏನೋ ಇತ್ತು, ಅದನ್ನು ಹಾಡಿಯೇ ತೋರಿಸಬೇಕು. ನಾನು ಹಾಡುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳಿ ತಲೆ ಅಡ್ಡಡ್ಡ ಆಡಿಸುತ್ತಿದ್ದ. ಹೇಗೆ ಮತ್ತೆ ಎಂದು ಕೇಳಿದರೆ ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಎತ್ತಿ ಬಾಗಿಸಿ ತೋರಿಸುತ್ತಿದ್ದ. ನಾನು ಕೈಯನ್ನು ನೋಡಿ ಹಾಡುತ್ತಿದ್ದೆ. ಅದಲ್ಲ. ಒಮ್ಮೊಮ್ಮೆ ತಡೆಯಲಾರದೆ ತಾನೇ ಬಾಯಿ ತೆರೆದು ತೋರಿಸಲು ಹೋಗುತ್ತಿದ್ದ. ಹರಿದ ದನಿ ಹೊರಬಿದ್ದ ಕೂಡಲೆ ತನ್ನ ದನಿಗೆ ತಾನೇ ತಲೆ ಅಡ್ಡಡ್ಡ ಆಡಿಸುತ್ತಿದ್ದ. ಆ ದಾರಿ ಅವನ ಕಿವಿಯಲ್ಲಿ ಇನ್ನೂ ಪೂರ್ತಿಯಾಗಿ ಇತ್ತು. ಅಲ್ಲಿಂದ ನನ್ನ ಕೊರಳಿಗೆ ಅದನ್ನು ದಾಟಿಸುವುದು ಹೇಗೆಂದು ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅವನು ಸಿಟ್ಟು ಮಾಡಿಕೊಂಡದ್ದಿಲ್ಲ. ಎಷ್ಟೇ ಬೇಸರವಾದರೂ ಪಾಠದ ಕೊನೆಗೆ ಒಂದೇ ಮಾತು ಹೇಳುತ್ತಿದ್ದ.

“ಇರಲಿ ಬಿಡವಾ. ನಾಳೆ ನೋಡೂಣು.”

ಆ ನಾಳೆಗಳು ನನ್ನ ಮದುವೆಯ ದಿನದವರೆಗೂ ನಡೆದವು. ಆಯಿ ತೀರಿಕೊಂಡ ವಾರವನ್ನು ಬಿಟ್ಟರೆ ನಿಂತದ್ದು ನೆನಪಿಲ್ಲ. ಮದುವೆಯ ಬೆಳಿಗ್ಗೆ ಮನೆ ತುಂಬ ನೆಂಟರಿದ್ದರು. ಅರಿಶಿನ ಹಚ್ಚಿದ ಮೈಯಲ್ಲಿ ನಾನು ಕೋಣೆಗೆ ಹೋದಾಗ ಅಪ್ಪ ಹೊಸ ಧೋತರ ಉಟ್ಟು ಪೇಟಿಯ ಮುಂದೆ ಕೂತಿದ್ದ. ಕರಿ ನಾಲ್ಕನ್ನು ಒತ್ತಿ ನನ್ನನ್ನು ನೋಡಿದ. ನಾನು ಅಂಬಿಗನ ಪದವನ್ನು ಮೊದಲಿನಿಂದ ಹಾಡಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ. ದಿನವೂ ಅವನು ತಲೆ ಆಡಿಸಿ ನಿಲ್ಲಿಸುತ್ತಿದ್ದ ಜಾಗ ಬಂತು. ನಿಲ್ಲಿಸಲಿಲ್ಲ. ಕೊನೆಯವರೆಗೂ ಹಾಡಿಸಿದ. ಮುಗಿದ ಮೇಲೆ ಭಾತೆ ಮುಚ್ಚಿ, ಪೇಟಿಯ ಮೇಲೆ ಬಟ್ಟೆ ಹೊದಿಸಿದ. ಸರಿ ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

“ಹೊತ್ತಾತು. ನಡಿಯವಾ, ನಿಮ್ಮವ್ವ ಕರ್ಯಾಕತ್ತಾಳ.”

ಅಂದು ನನಗೆ ಅದು ಬಂದಿತ್ತೇ, ಇಲ್ಲ ಅವನು ಕೈಬಿಟ್ಟನೇ? ಬಾಗಿಲವರೆಗೆ ಹೋದವಳು ಕೇಳಬೇಕೆಂದು ತಿರುಗಿದೆ. ಅಪ್ಪ ಧೋತರದ ಅಂಚಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಕೇಳದೆ ಹೊರಗೆ ಬಂದೆ.